ಕೆಸುವಿನ ಎದುರು ಆಡಬಾರದ ಮಾತು

ನನ್ನ ಗಂಡನ ಮನೆಯಲ್ಲಿ ಕೆಸುವಿನ ಎಲೆ ಅಡಿಗೆಮನೆಯ ಹೊಸ್ತಿಲು ದಾಟಿದ ಮೇಲೆ ‘ತುರಿಸುತ್ತದೆ’ ಎಂಬ ಮಾತನ್ನು ಯಾರೂ ಆಡಬಾರದಿತ್ತು. ಎಲೆ ಒರಸುವಾಗ ಇಲ್ಲ, ನಾರು ತೆಗೆಯುವಾಗ ಇಲ್ಲ, ಉಣ್ಣುವಾಗಲಂತೂ ಇಲ್ಲವೇ ಇಲ್ಲ. ಆ ಮಾತು ಕಿವಿಗೆ ಬಿದ್ದರೆ ಕೆಸುವಿಗೆ ತನ್ನ ಗುಣ ನೆನಪಾಗುತ್ತದಂತೆ. ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ಇದರ ಬಾಲಕ್ಕೆ ಇನ್ನೊಂದು ನಂಬಿಕೆಯನ್ನು ಕಟ್ಟಿದ್ದರು: ಒಂದೇ ಪಾತ್ರೆಯಲ್ಲಿ ಬೆಂದ ಕೆಸು ಸುಳ್ಳು ಹೇಳಿದವರ ಗಂಟಲಲ್ಲಿ ಮಾತ್ರ ತುರಿಸುತ್ತದೆ. ಮದುವೆಗೆ ಮುಂಚೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕಿತ್ತು. ಜಾತಕ ನೋಡಿದರು, ಕುಲ ಕೇಳಿದರು, ನನ್ನ ಹಲ್ಲು ಸಾಲು ನೋಡಿದರು, ಇದೊಂದನ್ನು ಮಾತ್ರ ಹೇಳಲಿಲ್ಲ.

ನನ್ನ ತವರು ಬಂಟ್ವಾಳ. ಮನೆಯ ಹಿಂದೆ ಹೊಳೆಗೆ ಇಳಿಯುವ ದಾರಿಯಲ್ಲಿ ಕೆಸು ತಾನಾಗಿ ಬೆಳೆಯುತ್ತಿತ್ತು. ಅಮ್ಮ ಅದನ್ನು ಕೊಯ್ದು ತಂದು ಒಂದು ದಿನ ನೆರಳಲ್ಲಿ ಬಾಡಿಸಿ ಪತ್ರೊಡೆ ಮಾಡುತ್ತಿದ್ದಳು. ಎಷ್ಟು ಹುಳಿ ಹಾಕಿದರೂ ಒಮ್ಮೊಮ್ಮೆ ಗಂಟಲು ಹಿಡಿಯುತ್ತಿತ್ತು. ಆಗ ಅಮ್ಮ ದೊಡ್ಡ ಸ್ವರದಲ್ಲಿ, “ಇವತ್ತು ತುರಿಸ್ತದೆ, ಎಲ್ಲರೂ ಒಂದೊಂದು ತುಂಡು ಬೆಲ್ಲ ತಿನ್ನಿ” ಎಂದು ಸಾರುತ್ತಿದ್ದಳು. ನಾವು ಬೆಲ್ಲದ ಆಸೆಗೆ ತುರಿಸದಿದ್ದ ದಿನವೂ ತುರಿಸುತ್ತದೆ ಎನ್ನುತ್ತಿದ್ದೆವು. ನನಗೆ ಗೊತ್ತಿದ್ದ ಕೆಸುವಿನ ಶಾಸ್ತ್ರ ಇಷ್ಟೇ.

ಐವತ್ತರ ದಶಕದ ಕೊನೆಯ ಒಂದು ಬೇಸಗೆಯಲ್ಲಿ ಬೆಳ್ತಂಗಡಿಯ ಕಡೆಗೆ ಮದುವೆಯಾಗಿ ಹೋದೆ. ಗಂಡ ಪೇಟೆಯ ಸರಕಾರಿ ಕಛೇರಿಯಲ್ಲಿ ಗುಮಾಸ್ತರು. ಬೆಳಿಗ್ಗೆ ಕೊಡೆ ಹಿಡಿದು ಹೋದರೆ ಸಂಜೆ ಅದೇ ಕೊಡೆ ಹಿಡಿದು ಬರುತ್ತಿದ್ದರು, ನಡುವೆ ಮನೆಯಲ್ಲಿ ಏನಾದರೂ ತನಗೆ ಸಂಬಂಧವಿಲ್ಲ ಎಂಬಂತಿದ್ದರು. ಮನೆ ನಡೆಸುತ್ತಿದ್ದವರು ಅವರ ತಾಯಿ. ನಾವು ಅತ್ತೆಯನ್ನು ಮಾಮಿ ಎಂದು ಕರೆಯುವವರು, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಮಾಮಿಯ ಅಣ್ಣ ಯಜಮಾನರು. ಸೋದರಮಾವನ ಕೈಯಲ್ಲಿ ಯಜಮಾನಿಕೆ ಇರುವ ಅಳಿಯಸಂತಾನದ ಮನೆಯಾದ್ದರಿಂದ ಅವರ ಮಾತೇ ಕೊನೆಯದು. ಮೂಡಬಿದಿರೆಗೆ ಕೊಟ್ಟಿದ್ದ ನನ್ನ ನಾದಿನಿ ಅರ್ಧ ತಿಂಗಳು ತವರಲ್ಲೇ ಇರುತ್ತಿದ್ದಳು. ಅವಳು ಬರುವಾಗ ಕೈ ಬೀಸಿಕೊಂಡು ಬರುತ್ತಿದ್ದಳು, ಹೋಗುವಾಗ ಕೈಚೀಲ ಭಾರವಾಗಿರುತ್ತಿತ್ತು. ಇದನ್ನು ನಾನು ಮೊದಲ ವಾರದಲ್ಲೇ ಗಮನಿಸಿದ್ದೆ. ಗಮನಿಸುವುದು ಬಿಟ್ಟರೆ ಹೊಸ ಸೊಸೆಗೆ ಅಲ್ಲಿ ಬೇರೆ ಕೆಲಸವನ್ನು ಯಾರೂ ನಂಬಿ ಕೊಡುತ್ತಿರಲಿಲ್ಲ.

ಆ ಮನೆಯ ಗುಮಾನಿ ಹೊಸ ಸೊಸೆಗೆ ಮಾತ್ರ ಮೀಸಲು ಎಂದುಕೊಳ್ಳಬೇಡಿ, ಅದು ಎಲ್ಲರಿಗೂ ಸಮಪಾಲು. ಗದ್ದೆಯ ಅಕ್ಕಿ ಬಾಗಿಲಿಲ್ಲದ ಚಾವಡಿಯಲ್ಲಿ ರಾಶಿ ಬಿದ್ದಿರುತ್ತಿತ್ತು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಗುಡ್ಡದಿಂದ ಪುಕ್ಕಟೆ ಬಂದದ್ದಕ್ಕೆ ಮಾತ್ರ ಕಾವಲು. ಮೊದಲ ಗುಡುಗಿನ ಮೇಲೆ ಯಜಮಾನರು ಅಣಬೆ ತರುತ್ತಿದ್ದರು. ಹೆಗಲ ಮೇಲಿನ ಬೈರಾಸಿನೊಳಗೆ ಸುತ್ತಿ, ದನದ ಹಟ್ಟಿಯ ಹಿಂದಿನಿಂದ ಬಂದು, ಕಳ್ಳಮಾಲು ಇಳಿಸುವವರ ಹಾಗೆ ಅಡಿಗೆಮನೆಗೆ ಇಳಿಸುತ್ತಿದ್ದರು. ನೆರೆಮನೆಯವರು ಕೇಳಿದರೆ ಬಡಗು ದಿಕ್ಕಿಗೆ ಕೈ ತೋರಿಸುವರು. ಅಂದರೆ ಅಣಬೆ ಎದ್ದದ್ದು ತೆಂಕಿನಲ್ಲಿ. ನೆರೆಯವರಿಗೂ ಅದು ಗೊತ್ತಿತ್ತು, ಅವರು ನೆಟ್ಟಗೆ ತೆಂಕಿಗೆ ಹೋಗುತ್ತಿದ್ದರು. ಒಂದು ಬಾರಿ ಯಜಮಾನರು ನಿಜವಾದ ದಿಕ್ಕನ್ನೇ ತೋರಿಸಿ ಅವರನ್ನು ಮೋಸ ಮಾಡಿದರು ಎಂದು ಮಾಮಿ ಹೆಮ್ಮೆಯಿಂದ ಹೇಳಿದ್ದುಂಟು.

ಎಲ್ಲಕ್ಕಿಂತ ಬಿಗಿ ಕಾವಲು ಇದ್ದದ್ದು ಕಣಿಲೆಯ ಭರಣಿಗೆ. ಕಣಿಲೆ ಎಂದರೆ ಎಳೆಬಿದಿರು, ಘಟ್ಟದ ಮೇಲಿನವರು ಕಳಲೆ ಎನ್ನುತ್ತಾರೆ. ಮಳೆಗೆ ಬಿದಿರಿನ ಬುಡದಲ್ಲಿ ಕರುವಿನ ಕೋಡಿನಂತೆ ಮೂಡುತ್ತದೆ. ಹೆಚ್ಚು ಎತ್ತರ ಹೋಗುವ ಮೊದಲೇ ಮುರಿದು ತಂದು, ರೋಮದ ಸಿಪ್ಪೆಗಳನ್ನು ಒಂದೊಂದಾಗಿ ಕಳಚಿ, ಒಳಗಿನ ಬಿಳಿಯ ತಿರುಳನ್ನು ತೆಳ್ಳಗೆ ಹೆಚ್ಚಬೇಕು. ಹೆಚ್ಚಿದ್ದನ್ನು ನೀರಲ್ಲಿ ಮುಳುಗಿಸಿಟ್ಟು ದಿನಾ ಹಳೆಯ ನೀರು ಚೆಲ್ಲಿ ಹೊಸತು ಹೊಯ್ಯಬೇಕು. ಇದರಲ್ಲಿ ಸೋಮಾರಿತನ ಮಾಡಿದರೆ ಕಹಿಯೂ ಹೋಗದು, ತಿಂದವರ ಹೊಟ್ಟೆಯೂ ಉಳಿಯದು. ಕಹಿ ಬಿಟ್ಟ ಮೇಲೆ ಕಲ್ಲುಪ್ಪಿನ ದಪ್ಪ ನೀರಿನೊಂದಿಗೆ ಭರಣಿಗೆ ತುಂಬಿಸಿ, ಬಾಯಿಗೆ ಬಟ್ಟೆ ಬಿಗಿದು, ಅಡಿಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಇಡುವುದು. ಬೇಕಾದಾಗ ತೆಗೆದು, ಉಪ್ಪು ಬಿಡಿಸಿ, ಮೊಳಕೆ ಬಂದ ಹೆಸರುಕಾಳಿನ ಜೊತೆ ಗಸಿ ಮಾಡಿದರೆ ಅದರ ಮುಂದೆ ಮೀನು ಕೂಡ ಸಪ್ಪೆ.

ಆ ಭರಣಿಯನ್ನು ಮಾಮಿಯ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಅವರು ಕೈ ತೊಳೆದು, ಒರಸಿ, ಒಲೆಯ ಬಿಸಿಗೆ ಹಿಡಿದು ಒಣಗಿಸಿ, ತೆಂಗಿನ ಗೆರಟೆಯ ಸೌಟಿನಿಂದ ತೆಗೆಯುತ್ತಿದ್ದರು. ಒದ್ದೆ ಕೈ ತಾಗಿದರೆ ಉಪ್ಪುನೀರು ಕೆಡುತ್ತದೆ, ಅದು ಸರಿಯೇ. ಆದರೆ ಇಷ್ಟು ಕಟ್ಟುನಿಟ್ಟಿಗೆ ಬೇರೆ ಕಾರಣ ಉಂಟು. ಆಟಿ ತಿಂಗಳಲ್ಲಿ, ಅಂದರೆ ನಮ್ಮ ಕಡೆಯ ಆಷಾಢದಲ್ಲಿ, ಆ ಮನೆಯಲ್ಲಿ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವ ಕ್ರಮವಿತ್ತು. ಅಷ್ಟರಲ್ಲಿ ಹೊಸ ಕಣಿಲೆ ಬಂದಿದ್ದರೂ ಅವರ ಎಲೆಗೆ ಹಿಂದಿನ ವರ್ಷದ ಭರಣಿಯದ್ದೇ ಆಗಬೇಕು. ಹಳಬರಿಗೆ ಹಳೆಯ ಕಣಿಲೆ. ಹಿರಿಯರಿಗೆ ಬಡಿಸುವುದಕ್ಕೆ ಎಂಜಲು ತಾಗಿದರೆ ಮನೆ ಏಳಿಗೆಯಾಗುವುದಿಲ್ಲ ಎಂದು ಅವರ ಭಯ.

ಆಟಿಗೆ ಇನ್ನೂ ಕೆಲವು ದಿನಗಳಿದ್ದಾಗ ಮಾಮಿ ಭರಣಿಯ ಬಟ್ಟೆ ಬಿಚ್ಚಿದರು. ನಾನು ಆಚೆ ಕಾಯಿ ತುರಿಯುತ್ತಿದ್ದೆ. ಕೆಟ್ಟ ವಾಸನೆ ನನ್ನವರೆಗೂ ಬಂತು. ಮಾಮಿ ದೀಪ ತರಿಸಿ ಬಗ್ಗಿ ನೋಡಿದರು. ಉಪ್ಪುನೀರಿನ ಮೇಲೆ ಬಿಳಿಯ ಕೆನೆ ಕಟ್ಟಿತ್ತು, ಅದರ ನಡುವೆ ಅನ್ನದ ಅಗುಳುಗಳು ತೇಲುತ್ತಿದ್ದವು. ಕುಚ್ಚಲಕ್ಕಿಯ ದಪ್ಪ ಅಗುಳು, ಕಣ್ಣು ಮಂಜಾದವರಿಗೂ ಕಾಣುವಂಥದ್ದು.

“ಗಂಜಿ ಉಣ್ಣುವ ಕೈಯನ್ನೇ ಹಾಕಿದ್ದಾರೆ” ಎಂದರು ಮಾಮಿ. ಸ್ವರ ಏರಿಸಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

ಯಜಮಾನರು ಬಂದು ನೋಡಿದರು. ನಾದಿನಿಯೂ ಆಗ ಬಂದಿದ್ದಳು, ಬಾಗಿಲ ಸಂದಿಯಿಂದ ನೋಡಿದಳು. ಗಂಡ ನೋಡಲೂ ಇಲ್ಲ. ಒಬ್ಬರಾದ ಮೇಲೆ ಒಬ್ಬರನ್ನು ಮಾಮಿ ಕೇಳಿದರು, ಎಲ್ಲರೂ ಇಲ್ಲ ಎಂದರು. ನಾನೂ ಇಲ್ಲ ಎಂದೆ. ಉಳಿದವರು ಇಲ್ಲ ಎಂದಾಗ ಮಾಮಿ ಮುಂದಿನವರ ಕಡೆ ತಿರುಗುತ್ತಿದ್ದರು. ನಾನು ಇಲ್ಲ ಎಂದಾಗ ತಿರುಗಲು ಮುಂದೆ ಯಾರೂ ಇರಲಿಲ್ಲ, ನನ್ನನ್ನೇ ನೋಡುತ್ತ ನಿಂತರು. ಬೆಳಗಿನ ಗಂಜಿಗೆ ನೆಂಚಿಕೊಳ್ಳಲು ಉಪ್ಪಿನ ಕಣಿಲೆಯ ಚೂರಿಗಾಗಿ ಯಾರೋ ಕೈ ಹಾಕಿದ್ದು ಖಂಡಿತ. ನನಗೆ ನಾದಿನಿಯ ಮೇಲೆ ಸಂಶಯ. ನಾದಿನಿಗೆ ನನ್ನ ಮೇಲೆ ಸಂಶಯ, ಅಥವಾ ಸಂಶಯವಿರುವ ಹಾಗೆ ನಟನೆ. ಯಜಮಾನರು ಎಲ್ಲರನ್ನೂ ಸಂಶಯಿಸಿದರು, ಅದು ಅವರ ಅಂತಸ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಯಾರಾದರೂ ಹೆಗಲು ಮುಟ್ಟಿಕೊಳ್ಳುತ್ತಾರೋ ಎಂದು ನಾನು ಎರಡು ದಿನ ಎಲ್ಲರನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಅವರೂ ನನ್ನನ್ನು ಹಾಗೆಯೇ ಕಾಯುತ್ತಿದ್ದರು.

ಮೂರನೆಯ ದಿನ ಮಾಮಿ ತಾವೇ ಕತ್ತಿ ಹಿಡಿದು ಹೋಗಿ ಕೆಸು ತಂದರು. ಹಲಸಿನ ಮರದ ಮೇಲೆ ಬೆಳೆಯುವ ಮರಕೆಸು ಸಾಧು, ಅದನ್ನು ಹಸುಗೂಸಿಗೂ ಕೊಡಬಹುದು. ಮಾಮಿ ತಂದದ್ದು ತೋಡಿನ ಬದಿಯ ಕಾಟುಕೆಸು. ದಂಟು ಕಪ್ಪು, ಎಲೆ ದಪ್ಪ, ಮುಟ್ಟಿದ ಕೈ ಚುಮುಗುಟ್ಟುತ್ತದೆ. ಬಾಡಿಸಲೂ ಇಲ್ಲ. ಕೈಗೆ ಎಣ್ಣೆ ಸವರಿಕೊಂಡು ನಾರು ತೆಗೆದರು. ಅಕ್ಕಿ, ಮೆಣಸು, ಕೊತ್ತಂಬರಿ ಅರೆಯಲು ನನ್ನನ್ನು ಕೂರಿಸಿದರು. ಹುಳಿಯನ್ನು ಮಾತ್ರ ತಾವೇ ಹಾಕಿದರು. ನಾನು ಓರೆಗಣ್ಣಿನಿಂದ ನೋಡಿದೆ: ನಮ್ಮ ಅಮ್ಮ ನಿಂಬೆಗಾತ್ರ ಹಾಕುವಲ್ಲಿ ಇವರು ಹಾಕಿದ್ದು ಗೋಲಿಯಷ್ಟು. ಇಷ್ಟು ಕೆಸುವಿಗೆ ಇಷ್ಟು ಹುಳಿ ಸಾಕಾ ಎಂದು ಕೇಳಬೇಕೆಂದುಕೊಂಡೆ. ಅಡಿಗೆಯಲ್ಲಿ ಬಾಯಿ ಹಾಕಿದಳು ಎಂದಾಗುವುದು ಬೇಡವೆಂದು ನುಂಗಿಕೊಂಡೆ. ಎಲೆಯ ಮೇಲೆ ಹಿಟ್ಟು ಹಚ್ಚಿ, ಅದರ ಮೇಲೆ ಇನ್ನೊಂದು ಎಲೆ ಇಟ್ಟು, ಮಡಚಿ ಸುತ್ತಿ ಹಬೆಯಲ್ಲಿ ಬೇಯಿಸಿದರು.

ಎಂದೂ ಇಲ್ಲದ್ದು, ಅಂದು ಗಂಡಸರು ಹೆಂಗಸರು ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಬಡಿಸಿದರು. ತಾವೂ ಬಡಿಸಿಕೊಂಡು ಎದುರು ಕುಳಿತರು.

ಮೊದಲ ತುತ್ತಿಗೇ ನನ್ನ ಗಂಟಲಿಗೆ ಸೂಜಿಗಳ ಹಿಡಿ ಇಳಿದಂತಾಯಿತು. ತಲೆಯೆತ್ತಿ ನೋಡಿದೆ. ಯಜಮಾನರ ಕಣ್ಣಿನಲ್ಲಿ ನೀರು ತುಂಬಿತ್ತು, ಮೆಣಸು ಖಾರವಾಯಿತು ಎಂದರು. ಗಂಡ ನೀರು ಕುಡಿದರು, ಇಟ್ಟರು, ಮತ್ತೆ ಕುಡಿದರು. ನಾದಿನಿ ಕತ್ತಿನ ಬುಡವನ್ನು ಸರ ಸರಿಮಾಡುವ ನೆಪದಲ್ಲಿ ಉಜ್ಜಿಕೊಳ್ಳುತ್ತಿದ್ದಳು. ಮಾಮಿಯ ಮುಖ ಮಾತ್ರ ಕಲ್ಲು. ಎಲ್ಲರಿಗೂ ತುರಿಸುತ್ತಿತ್ತು ಮಾರಾಯ್ರೆ, ದೇವರಾಣೆಗೂ ಎಲ್ಲರಿಗೂ. ಅವರಿಗೆಲ್ಲ ಶಾಸ್ತ್ರ ಗೊತ್ತಿತ್ತು, ಬಾಯಿಗೆ ಬೀಗ ಹಾಕಿ ಕುಳಿತಿದ್ದರು. ಗೊತ್ತಿಲ್ಲದವಳು ನಾನೊಬ್ಬಳು.

“ಮಾಮೀ, ಇದು ತುರಿಸ್ತದೆ. ಸ್ವಲ್ಪ ಬೆಲ್ಲ ಉಂಟಾ?” ಎಂದೆ.

ಯಜಮಾನರ ಕೈ ಬಾಳೆಎಲೆಯ ಮೇಲೆ ನಿಂತುಬಿಟ್ಟಿತು. ನಾದಿನಿ ಉಸಿರು ಬಿಟ್ಟಳು, ಅದು ಸಮಾಧಾನದ ಉಸಿರು ಎಂದು ಇವತ್ತೂ ಪ್ರಮಾಣ ಮಾಡಿ ಹೇಳುತ್ತೇನೆ. ಮಾಮಿ ನನ್ನನ್ನು ನೋಡಿ ತಲೆ ತಗ್ಗಿಸಿದರು. ಯಾರೂ ನನಗೆ ಬೆಲ್ಲ ಕೊಡಲಿಲ್ಲ.

ಏನಾಯಿತು ಎಂದು ನನಗೆ ಗೊತ್ತಾದದ್ದು ಊಟದ ಮೇಲೆ, ಗಂಡ ಕೋಣೆಗೆ ಬಂದಾಗ. ಅವರು ಶಾಸ್ತ್ರವನ್ನು ವಿವರಿಸಿದರು, ಸರಕಾರದ ಸುತ್ತೋಲೆ ಓದಿ ಹೇಳುವವರ ಹಾಗೆ. ನನಗೆ ಬೆಂಕಿ ಹತ್ತಿತು.

“ನಿಮಗೆ ತುರಿಸ್ಲಿಲ್ವಾ?”

“ಅದು ಬೇರೆ ವಿಷಯ. ನೀನು ಯಾಕೆ ಹೇಳ್ಲಿಕ್ಕೆ ಹೋದದ್ದು?”

ನೀನು ಭರಣಿ ಮುಟ್ಟಿದ್ದೀಯಾ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ, ಜಗಳವಾಡುತ್ತಿದ್ದೆ, ಮನಸ್ಸು ಹಗುರಾಗುತ್ತಿತ್ತು. ಕೇಳದೇ ಇದ್ದದ್ದಕ್ಕೆ ಆದ ಸಿಟ್ಟು ಬಹಳ ವರ್ಷ ಉಳಿಯಿತು.

ಹೊಸ ಮದುಮಗಳು ಆಟಿಯಲ್ಲಿ ಗಂಡನ ಮನೆಯಲ್ಲಿ ಇರಬಾರದು, ತವರಿಗೆ ಹೋಗಬೇಕು. ಆಟಿ ಕಳೆದು ಸೋಣ ತಿಂಗಳು ಹುಟ್ಟಿದ ಮೇಲೆ ಗಂಡನ ಕಡೆಯವರು ಬಂದು ಕರೆದುಕೊಂಡು ಹೋಗುತ್ತಾರೆ. ಹೊರಡುವಾಗ ಅತ್ತೆಯಾದವಳು ‘ಸೋಣಕ್ಕೆ ಜನ ಕಳಿಸ್ತೇನೆ’ ಎನ್ನುವುದು ವಾಡಿಕೆ. ನಾನು ಕಾಲಿಗೆ ಬಿದ್ದು ಎದ್ದು ನಿಂತು ಆ ಮಾತಿಗೆ ಕಾದೆ. ಮಾಮಿ, “ಮಳೆ ಬರ್ತದೆ, ಹೊರಡಿ” ಎಂದರು. ಹಿರಿಯರ ಭರಣಿಗೆ ಎಂಜಲು ಕೈ ಹಾಕಿ ಸುಳ್ಳು ಹೇಳಿದವಳನ್ನು ವಾಪಸು ಕರೆಯುವುದೋ ಬಿಡುವುದೋ ಎಂದು ಯಜಮಾನರು ಇನ್ನೂ ಯೋಚಿಸುತ್ತಿದ್ದಾರೆ ಎಂದು ಬಸ್ಸಿನಲ್ಲಿ ಗಂಡ ಹೇಳಿದರು. ಬಂಟ್ವಾಳದಲ್ಲಿ ನನ್ನನ್ನು ಬಿಟ್ಟು, ಒಂದು ಕಾಫಿ ಕುಡಿದು, ಕೊಡೆ ಮರೆಯದೆ ತೆಗೆದುಕೊಂಡು ಹೋದರು.

ತವರಲ್ಲಿಯಾದರೂ ನನ್ನನ್ನು ನಂಬುತ್ತಾರೆ ಎಂದುಕೊಂಡಿದ್ದೆ. ಅಮ್ಮ ಎಲ್ಲ ಕೇಳಿದಳು, ಬಾಗಿಲು ಹಾಕಿದಳು, ಹತ್ತಿರ ಕುಳಿತಳು.

“ನನ್ನ ಹತ್ರ ಸತ್ಯ ಹೇಳು. ಆಸೆ ಆಗಿರ್ಬಹುದು. ಸಣ್ಣ ತುಂಡು ತಿಂದಿಯಾ?”

“ನೀನೂ ಹೀಗೆ ಕೇಳ್ತೀಯಲ್ಲ ಅಮ್ಮ!”

“ಬೆಂಕಿ ಇಲ್ಲದೆ ಹೊಗೆ ಬರ್ತದಾ ಮಗಾ?”

ಆ ದಿನ ಅಳು ಬಂತು. ಮಾಮಿ ಸಂಶಯಪಟ್ಟಾಗ ಬಾರದ ಅಳು ಅಮ್ಮ ಕೇಳಿದಾಗ ಬಂತು. ಆಮೇಲೆ ಅಮ್ಮ ನಂಬಿದಳು, ಅಥವಾ ನಂಬಿದ್ದೇನೆ ಎಂದಳು.

ಆಟಿ ಮುಗಿಯಿತು, ಸೋಣ ಹುಟ್ಟಿತು. ನನ್ನ ಜೊತೆ ಆಟಿಗೆ ಬಂದಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಹೊಸ ಸೀರೆ ಉಟ್ಟು ಹೊರಟರು. ನಾನು ಗುಡ್ಡೆಗೆ ಹೋಗಿ ತಗಟೆ ಸೊಪ್ಪು ಕೊಯ್ಯುವುದು, ಹೆಚ್ಚುವುದು, ಹಲಸಿನ ಬೀಜ ಹಾಕಿ ಪಲ್ಯ ಮಾಡುವುದು, ಹೀಗೆ ದಿನ ದೂಡಿದೆ. ಬಸ್ಸಿನ ಸದ್ದು ಕೇಳಿದರೆ ಸೊಪ್ಪು ಕೈಯಲ್ಲೇ ಉಳಿಯುತ್ತಿತ್ತು. ಪೇಟೆಗೆ ಹೋದರೆ, “ಇನ್ನೂ ಹೋಗ್ಲಿಲ್ವಾ ಮಾರಾಯ್ತಿ?” ಎಂಬ ಪ್ರಶ್ನೆ. ಕೇಳುವವರ ಬಾಯಲ್ಲಿ ಮರುಕ, ಕಣ್ಣಲ್ಲಿ ಲೆಕ್ಕ. ವಾಪಸು ಕರೆಸಿಕೊಳ್ಳದ ಮದುಮಗಳ ಬಗ್ಗೆ ಊರು ಕಣಿಲೆಯ ಕತೆ ಹೇಳುವುದಿಲ್ಲ, ಬೇರೆಯೇ ಕತೆ ಕಟ್ಟುತ್ತದೆ. ಅಮ್ಮ ಅದನ್ನು ನೆನೆದು ಸೊರಗಿದಳು. ನಾನು ಹೊರಗೆ ಸಿಟ್ಟು ತೋರಿಸುತ್ತಿದ್ದೆ, ಒಳಗೆ ಹೆದರಿ ಮುದ್ದೆಯಾಗಿದ್ದೆ.

ಸೋಣ ಅರ್ಧ ಕಳೆದ ಮೇಲೆ ಒಂದು ಬೆಳಿಗ್ಗೆ ಮಾಮಿ ಬಂದರು. ಗಂಡನಲ್ಲ, ಯಜಮಾನರಲ್ಲ, ಸ್ವತಃ ಮಾಮಿ. ಮದುವೆಯ ದಿಬ್ಬಣಕ್ಕೆ ಬಿಟ್ಟರೆ ಅವರು ಬೆಳ್ತಂಗಡಿ ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ಅಮ್ಮ ನೀರು ಕೊಟ್ಟಳು, ಬೆಲ್ಲ ಕೊಟ್ಟಳು, ಒಳಗೆ ಬಂದು ನನ್ನ ಕಿವಿಯಲ್ಲಿ, “ಕರಕೊಂಡು ಹೋಗ್ಲಿಕ್ಕೆ ಬಂದದ್ದಾ, ಸಂಬಂಧ ಮುರೀಲಿಕ್ಕೆ ಬಂದದ್ದಾ, ಗೊತ್ತಾಗುವುದಿಲ್ಲ” ಎಂದಳು. ನನಗೂ ಗೊತ್ತಾಗಲಿಲ್ಲ. ಕರೆಯಲು ಬರುವವರು ವೀಳ್ಯದೆಲೆ, ಹೂ ತರುತ್ತಾರೆ. ಮಾಮಿಯ ಕೈಯಲ್ಲಿ ಏನೂ ಇರಲಿಲ್ಲ.

ಅಂದು ಮಧ್ಯಾಹ್ನಕ್ಕೆ ಅಮ್ಮ ಪತ್ರೊಡೆ ಬಡಿಸಿದಳು. ಹಿಂದಿನ ದಿನ ಕೊಯ್ದು ಬಾಡಿಸಿದ್ದ ಎಲೆ ಇತ್ತು ನಿಜ, ಆದರೆ ಬೇರೆ ಏನೂ ಮಾಡಲಾಗದೆ ಮಾಡಿದ್ದಲ್ಲ. “ಅವರಲ್ಲಿ ನಡೆದ ವಿಚಾರಣೆ ನಮ್ಮಲ್ಲೂ ನಡೀಲಿ. ಕೆಸು ಹೇಗೆ ಬೇಯಿಸುವುದು ಅಂತಾದರೂ ತಿಳಿಯಲಿ” ಎಂದು ಹಲ್ಲು ಕಚ್ಚಿ ಹೇಳಿದ್ದಳು. ನಿಂಬೆಗಾತ್ರದ ಹುಣಸೆಹುಳಿ, ಮೇಲೆ ಜಜ್ಜಿದ ಅಂಬಟೆಕಾಯಿ. ಬಡಿಸುವ ಮೊದಲು ನನಗೊಂದು ತುಂಡು ತಿನ್ನಿಸಿ ನೋಡಿದಳು. ಬೆಣ್ಣೆಯ ಹಾಗೆ ಇಳಿಯಿತು, ಗಂಟಲಿಗೆ ಸುದ್ದಿಯೇ ತಲುಪಲಿಲ್ಲ.

ಮಾಮಿ ಎಲೆಯ ಮುಂದೆ ಕುಳಿತರು. ಪತ್ರೊಡೆ ನೋಡಿದರು. ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು. ಯಾಕೆ ಬಡಿಸಿದ್ದು ಎಂದು ಅವರಿಗೆ ಅರ್ಥವಾಗದೆ ಹೋಗುತ್ತದೆಯೇ! ಒಂದು ತುಂಡು ಮುರಿದು ಬಾಯಿಗೆ ಹಾಕಿ ನಿಧಾನ ಅಗಿದರು, ನುಂಗಿದರು. ಆಮೇಲೆ ಸ್ಪಷ್ಟವಾಗಿ, ಚಾವಡಿಯಲ್ಲಿದ್ದವರಿಗೂ ಕೇಳುವ ಹಾಗೆ ಹೇಳಿದರು:

“ತುರಿಸ್ತದೆ.”

ಅಮ್ಮನಿಗೆ ಗಾಬರಿ. “ಇಲ್ಲ ಅಕ್ಕ, ತುರಿಸ್ಲಿಕ್ಕೆ ಸಾಧ್ಯವೇ ಇಲ್ಲ. ಅಂಬಟೆ ಹಾಕಿದ್ದೇನೆ. ಇವಳೂ ತಿಂದಿದ್ದಾಳೆ.”

“ಅವಳಿಗೆ ತುರಿಸುವುದಿಲ್ಲ” ಎಂದರು ಮಾಮಿ. “ನನಗೆ ತುರಿಸ್ತದೆ. ಇನ್ನೊಂದು ತುಂಡು ಹಾಕಿ.”

ಅಮ್ಮ ಹಾಕಿದಳು. ಮಾಮಿ ಅದನ್ನೂ ಉಂಡರು. ಗಂಟಲು ಉಜ್ಜಿಕೊಳ್ಳಲಿಲ್ಲ, ನೀರು ಕೇಳಲಿಲ್ಲ. ಬೆಲ್ಲ ತಂದರೆ ಬೇಡವೆಂದು ಕೈ ಅಡ್ಡ ಹಿಡಿದರು. ಆ ಮನೆಯಲ್ಲಿ ಯಾರೂ ಪ್ರಾಣ ಹೋದರೂ ಆಡದ ಮಾತನ್ನು ಅವರು ತುರಿಸದ ಕೆಸುವಿನ ಎದುರು ಕುಳಿತು ಆಡಿದ್ದರು. ಅದಕ್ಕೆ ಅವರಲ್ಲಿ ಇದ್ದದ್ದು ಒಂದೇ ಅರ್ಥ: ತಪ್ಪು ನನ್ನದು, ಹುಡುಗಿಯದ್ದಲ್ಲ. ಬಡಿಸುತ್ತಿದ್ದ ಅಮ್ಮ ಸೆರಗಿನಿಂದ ಮೂಗು ಒರಸಿಕೊಂಡಳು.

ಊಟವಾದ ಮೇಲೆ ಮಾಮಿ ನನ್ನನ್ನು ಹೊರಡಿಸಿದರು. ಬಸ್ಸಿನಲ್ಲಿ ಅವರ ಪಕ್ಕ ಕುಳಿತೆ. ಗುರುವಾಯನಕೆರೆ ದಾಟುವವರೆಗೆ ತುಟಿ ಕಚ್ಚಿಕೊಂಡಿದ್ದೆ, ಆಮೇಲೆ ಆಗಲಿಲ್ಲ.

“ಮಾಮೀ, ಅದು ತುರಿಸ್ಲಿಲ್ಲ.”

“ಗಂಟಲು ನನ್ನದು.”

“ಹಾಗಾದ್ರೆ ಭರಣಿಗೆ ಕೈ ಹಾಕಿದ್ದು...?”

“ಅದನ್ನು ಕೆಸುವಿನ ಹತ್ರ ಕೇಳು” ಎಂದು ಮುಖ ಆಚೆ ತಿರುಗಿಸಿದರು.

ತಾವೇ ಕೈ ಹಾಕಿದ್ದೋ, ಮಗಳು ಹಾಕಿದ್ದನ್ನು ಮೈಮೇಲೆ ಎಳೆದುಕೊಂಡದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮಾಮಿಯೇ ಆಗಿದ್ದರೆ ಬೇಲಿಯೇ ಎದ್ದು ಹೊಲ ಮೇಯ್ದ ಕತೆ. ಆದರೂ ನನ್ನ ಗುಮಾನಿ ಮೂಡಬಿದಿರೆಯ ಕಡೆಗೇ ವಾಲುತ್ತದೆ. ಅಂದು ಮಾತ್ರ ನನಗೆ ಬೇರೆಯೇ ಹೆದರಿಕೆ. ಬಂಟ್ವಾಳದಲ್ಲಿ ನಮ್ಮವರೆದುರು ಆಡಿದ ಮಾತು ಬಂಟ್ವಾಳದಲ್ಲೇ ಉಳಿದರೆ ನನಗೇನು ಬಂತು? ಆ ಮನೆಯಲ್ಲಿ ನಾನು ಎಂದಿಗೂ ಗಂಟಲು ತುರಿಸಿದವಳೇ ತಾನೇ? ಮಾಮಿ ಜಾಣೆ, ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಮಾಡಿದ್ದಾರೆ ಎಂದು ಒಳಗೊಳಗೇ ಕುದಿಯುತ್ತ ಅವರ ಹಿಂದೆ ನಡೆದೆ.

ಮನೆಯ ಅಂಗಳಕ್ಕೆ ಬಂದಾಗ ಯಜಮಾನರು ಚಾವಡಿಯಲ್ಲಿ ವೀಳ್ಯ ಮೆಲ್ಲುತ್ತಿದ್ದರು. ಗಂಡ ಕಛೇರಿಯಿಂದ ಬಂದು ಕೊಡೆ ಬಿಚ್ಚಿ ಒಣಗಲು ಇಡುತ್ತಿದ್ದರು. ನಾದಿನಿ ಬಾಗಿಲಲ್ಲಿ ನಿಂತಿದ್ದಳು. ಮಾಮಿ ಕಾಲು ತೊಳೆಯುವ ಕಲ್ಲಿನ ಮೇಲೆ ನಿಂತರು, ತಂಬಿಗೆ ಎತ್ತಲಿಲ್ಲ.

“ಬಂಟ್ವಾಳದಲ್ಲಿ ಕೆಸು ಉಂಡೆ” ಎಂದರು. “ನನಗೆ ತುರಿಸಿತು. ಅವಳಿಗೆ ತುರಿಸ್ಲಿಲ್ಲ.”

ಯಜಮಾನರು ಮೆಲ್ಲುವುದನ್ನು ನಿಲ್ಲಿಸಿದರು. ತಂಗಿಯನ್ನು ನೋಡಿ ಅಂಗಳಕ್ಕೆ ಉಗುಳಿದರು. ಗಂಡ ಮೊದಲ ಬಾರಿ ನನ್ನ ಮುಖವನ್ನು ನೇರ ನೋಡಿದರು. ನಾದಿನಿ “ಅಮ್ಮಾ...” ಎಂದಳು.

ಮಾಮಿ ಅವಳ ಕಡೆ ತಿರುಗಲೇ ಇಲ್ಲ. ಕಾಲಿಗೆ ನೀರು ಹೊಯ್ದುಕೊಂಡು ನನಗೆ ತಂಬಿಗೆ ಕೊಟ್ಟು, “ಕಾಲು ತೊಳೆದು ಒಳಗೆ ಹೋಗು. ಹೊಸ ಕಣಿಲೆ ಕಹಿ ಬಿಟ್ಟಿದೆ, ಭರಣಿ ಕಟ್ಟಬೇಕು. ಕೈ ಒಲೆಗೆ ಹಿಡಿದು ಒಣಗಿಸ್ಕೊ” ಎಂದರು.